ಶಬ್ದ ಪರಿಚಯ: ‘ಆಲ್ಟರ್’



ನಮ್ಮ ವಾಚನಾಲಯಕ್ಕೆ ನಿತ್ಯ ಬರುವ ತರುಣರೊಬ್ಬರು ಊರಿನಲ್ಲಿರುವ ತಂದೆಯವರಿಗೆ ಒಂದು ಚೆಕ್ಕು ಕಳುಹಿಸಿದರು. ಐದು ಸಾವಿರವೆಂದು ಬರೆದುದನ್ನು ಆರು ಸಾವಿರವೆಂದು ತಿದ್ದಿ, ಪಕ್ಕದಲ್ಲಿ ರುಜು ಹಾಕಿದ್ದರು. ಚೆಕ್ಕು ಹಿಂದಕ್ಕೆ ಬಂದಿತು. ಜೊತೆಗಿದ್ದ ಚೀಟಿಯಲ್ಲಿ ‘ಆಲ್ಟರೇಶನ್’ ಎಂಬ ಮಾತಿತ್ತು. ಅಷ್ಟರಲ್ಲಿ ತಂಗಿಯ ಕಾಲೇಜಿನ ಫೀ ಕಟ್ಟುವ ದಿನ ಮೀರಿ, ದಂಡ ತೆರಬೇಕಾಯಿತು. “ಈ ಶಬ್ದದ ಅರ್ಥವೇನು ಸ್ವಾಮಿ?” ಎಂದು ಅವರು ಕೇಳಿದ್ದರಿಂದ ಈ ಪಾಠ.

ಮೂಲ: ಲ್ಯಾಟಿನ್ ಭಾಷೆಯಲ್ಲಿ ‘ಆಲ್ಟರ್’ ಎಂದರೆ ಎರಡರಲ್ಲಿ ಇನ್ನೊಂದು. ಅದರಿಂದ ‘ಬೇರೆಯಾಗಿಸು’ ಎಂಬ ಕ್ರಿಯಾಪದ ಹುಟ್ಟಿ, ಫ್ರೆಂಚಿನ ಮೂಲಕ 14ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂದಿತು. ಶಬ್ದದ ಕೊನೆಯ ‘ಟರ್’ ನಮಗೆ ಪರಕೀಯವಲ್ಲ. ‘ಇತರ’, ‘ಅನ್ಯತರ’ ಎಂಬ ಸಂಸ್ಕೃತ ಶಬ್ದಗಳಲ್ಲಿರುವ ‘ತರ’ವೂ ಅದೂ ಒಂದೇ ಮೂಲದವು.

ಬಳಗ: ‘ಆಲ್ಟರ್ನೇಟ್ ಡೇ’ ಎಂದರೆ ದಿನ ಬಿಟ್ಟು ದಿನ. ‘ಆಲ್ಟರ್ನೇಟಿವ್’ ಎಂದರೆ ಇನ್ನೊಂದು ದಾರಿ. ಒಬ್ಬನ ಮಾತಿಗೆ ಇನ್ನೊಬ್ಬನು ಎದುರುಮಾತು ಆಡಿದರೆ ‘ಆಲ್ಟರ್ಕೇಶನ್’, ಅಂದರೆ ಜಗಳ. ಇನ್ನೊಬ್ಬನ ಹಿತ ಬಯಸುವ ‘ಆಲ್ಟ್ರೂಯಿಸಂ’, ಎಂದರೆ ಪರೋಪಕಾರ ಬುದ್ಧಿ, ಇದೇ ಬೇರಿನದು. ‘ಇನ್ನೊಬ್ಬ’ ಎಂಬ ಒಂದೇ ಭಾವದಿಂದ ಜಗಳವೂ ಹುಟ್ಟಿತು, ಉಪಕಾರವೂ ಹುಟ್ಟಿತು!

ಭೇದ: ‘ಚೇಂಜ್’ ಎಂಬುದರ ಹಿಂದೆ ವಿನಿಮಯದ ಅರ್ಥವಿದೆ, ಆದುದರಿಂದಲೇ ಚಿಲ್ಲರೆಗೂ ಅದೇ ಹೆಸರು. ‘ಐ ಚೇಂಜ್ಡ್ ದಿ ಶರ್ಟ್’ ಎಂದರೆ ಒಂದು ಅಂಗಿ ಕಳಚಿ ಇನ್ನೊಂದು ತೊಟ್ಟೆ. ‘ಐ ಆಲ್ಟರ್ಡ್ ದಿ ಶರ್ಟ್’ ಎಂದರೆ ಅದೇ ಅಂಗಿಯ ತೋಳನ್ನೋ ಸುತ್ತಳತೆಯನ್ನೋ ಸರಿಪಡಿಸಿದೆ. ವಸ್ತು ಅದೇ, ಅದರ ಒಂದು ಭಾಗ ಮಾತ್ರ ಬೇರೆಯಾಯಿತು.

ಎಚ್ಚರಿಕೆ: 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 87ನೆಯ ಕಲಮಿನಲ್ಲಿ ‘ಮಟೀರಿಯಲ್ ಆಲ್ಟರೇಶನ್’ ಎಂಬ ಮಾತಿದೆ. ಇಲ್ಲಿ ‘ಮಟೀರಿಯಲ್’ ಎಂದರೆ ಸಾಮಾನಲ್ಲ, ‘ಮುಖ್ಯವಾದ’ ಎಂದರ್ಥ. ಮೊಬಲಗು, ತಾರೀಖು ಮುಂತಾದುವನ್ನು ಒಪ್ಪಿಗೆಯಿಲ್ಲದೆ ತಿದ್ದಿದರೆ, ಒಪ್ಪದವನ ಮಟ್ಟಿಗೆ ಆ ಪತ್ರ ಅಸಿಂಧು. ಇದಲ್ಲದೆ, ಚೆಕ್ಕಿನ ಚಿತ್ರವನ್ನೇ ಕಳುಹಿಸಿ ಚುಕ್ತಾ ಮಾಡುವ ಸಿಟಿಎಸ್ ಪದ್ಧತಿಯಲ್ಲಿ, ತಾರೀಖನ್ನು ಊರ್ಜಿತಗೊಳಿಸುವುದರ ಹೊರತು ಯಾವ ತಿದ್ದುಪಡಿಯೂ ಕೂಡದೆಂದು ರಿಸರ್ವ್ ಬ್ಯಾಂಕು 2010ರ ಡಿಸೆಂಬರ್ 1ರಿಂದ ವಿಧಿಸಿದೆ. ಪಕ್ಕದಲ್ಲಿ ರುಜು ಹಾಕಿದರೆ ಸಾಲದು. ಹೊಸ ಚೆಕ್ಕನ್ನೇ ಬರೆಯಬೇಕು. ನಮ್ಮ ತರುಣರಿಗೆ ಇದು ತಿಳಿದಿರಲಿಲ್ಲ.

ಕಾಗುಣಿತ: ಕೊನೆಯಲ್ಲಿ ‘ಇ, ಆರ್’ ಅಕ್ಷರಗಳಿದ್ದರೆ ಮಾರ್ಪಡಿಸು, ‘ಎ, ಆರ್’ ಇದ್ದರೆ ಇಗರ್ಜಿಯ ಪೂಜಾಪೀಠ. ಉಚ್ಚಾರ ಒಂದೇ, ಅರ್ಥ ಬೇರೆ. ಅರ್ಜಿ ಬರೆಯುವಾಗ ನೆನಪಿರಲಿ.

ಅಭ್ಯಾಸ: ‘ರೈಲು ಬದಲಾಯಿಸಿದೆ’, ‘ಅರ್ಜಿಯ ಒಂದು ಸಾಲು ಮಾರ್ಪಡಿಸಿದೆ’. ಇವೆರಡನ್ನೂ ಇಂಗ್ಲಿಷಿನಲ್ಲಿ ಬರೆಯಿರಿ. ಮೊದಲನೆಯದಕ್ಕೆ ‘ಚೇಂಜ್’, ಎರಡನೆಯದಕ್ಕೆ ‘ಆಲ್ಟರ್’ ಎಂದು ನಿಮಗೇ ಹೊಳೆದಿದ್ದರೆ ಈ ಪಾಠ ಸಾರ್ಥಕ.