ಸೂಪರ್‌ಕಾರಿಗೂ ತೆಂಗಿನಕಾಯಿಗೂ ಒಂದೇ ಪರೀಕ್ಷೆ

ಹೋದ ತಿಂಗಳು ಶೆಟ್ಟಿಹಳ್ಳಿ ಚರ್ಚ್ ನೋಡೋಕೆ ಹೋಗಿದ್ವಿ. ಹೇಮಾವತಿ ಹಿನ್ನೀರು ಇಳಿದಿತ್ತು, ಒಳಗೆ ನಡೆದೇ ಹೋಗಬಹುದಿತ್ತು. ಗೊರೂರು ಅಣೆಕಟ್ಟು ಆದಮೇಲೆ ಮಳೆಗಾಲದಲ್ಲಿ ನೀರಲ್ಲಿ ನಿಂತೂ ನಿಂತೂ ಗೋಡೆಗಳು ಕುಸಿದಿವೆ. ಆದರೆ ಎಲ್ಲಿ ಕುಸಿದಿದೆ, ಎಲ್ಲಿ ಬಿರುಕು ಬಿಟ್ಟಿದೆ ಅನ್ನೋದು ಕಣ್ಣಿಗೆ ಕಾಣುತ್ತೆ. ಇಟ್ಟಿಗೆ, ಗಾರೆ ಏನನ್ನೂ ಮುಚ್ಚಿಡುವುದಿಲ್ಲ.

ನಮ್ಮ ತಲೆಯಲ್ಲಿ ಅವತ್ತು ಇದ್ದದ್ದು ಮುಚ್ಚಿಡುವ ವಸ್ತು. ಹಿಂದಿನ ವಾರವಷ್ಟೇ ನಮ್ಮ ಟೀಮಿನ ಪುಟ್ಟ ರೇಸ್ ಕಾರಿನ ಕಾರ್ಬನ್ ಫೈಬರ್ ಮೂಗು ಟಯರ್ ರಾಶಿಗೆ ಗುದ್ದಿತ್ತು. ಹೊರಗೆ ಒಂದು ರೂಪಾಯಿ ನಾಣ್ಯದಷ್ಟು ಗುರುತು, ಅಷ್ಟೇ. ಪುಟ್ಟಿ ಹಚ್ಚಿ ಪೇಂಟ್ ಹೊಡೆದುಬಿಡೋಣ ಅಂತ ಅರ್ಧ ಜನ. ಆ ಮೂಗಿನ ಹಿಂದೆಯೇ ಡ್ರೈವರ್ ಗೆಳೆಯನ ಪಾದಗಳಿರುತ್ತವೆ ಅಂತ ಉಳಿದ ಅರ್ಧ.

ಚರ್ಚಿನಿಂದ ಬರುವಾಗ ಅಂಗಡಿಯ ಮುಂದೆ ಅಜ್ಜಿಯೊಬ್ಬರು ತೆಂಗಿನಕಾಯಿ ಆರಿಸುತ್ತಾ ಒಂದೊಂದನ್ನೂ ಬೆರಳಲ್ಲಿ ತಟ್ಟಿ ಕೇಳುತ್ತಿದ್ದರು. ಯಾಕಜ್ಜಿ ಅಂದ್ರೆ, "ಬಿರುಕು ಬಿಟ್ಟಿದ್ರೆ ದನಿ ಬ್ಯಾರೆ ಕಣಪ್ಪ" ಅಂದರು. ನಾವು ಮುಖ ಮುಖ ನೋಡಿಕೊಂಡ್ವಿ. ವಿಮಾನ ರಿಪೇರಿ ಮಾಡುವವರು ನಾಣ್ಯದಿಂದ ಮಾಡುವುದೂ ಇದನ್ನೇ!

ಸ್ಟೀಲ್ ಪೆಟ್ಟು ತಿಂದರೆ ತಗ್ಗು ಬೀಳುತ್ತೆ. ಗ್ಯಾರೇಜಿನವರು ಸುತ್ತಿಗೆಯಿಂದ ತಟ್ಟಿ ಎಬ್ಬಿಸುತ್ತಾರೆ. ಕಾರ್ಬನ್ ಫೈಬರ್ ಹಾಗೆ ಬಾಗಿ ಉಳಿಯುವುದಿಲ್ಲ. ಸುಮಾರು 7 ಮೈಕ್ರಾನ್ ದಪ್ಪದ ಎಳೆಗಳನ್ನು ಎಪಾಕ್ಸಿಯಲ್ಲಿ ಪದರ ಪದರವಾಗಿ ಅಂಟಿಸಿದ ವಸ್ತು ಅದು. ಪೆಟ್ಟು ಬಿದ್ದಾಗ ಸ್ವಲ್ಪ ಬಾಗಿ ವಾಪಸ್ ಬಂದುಬಿಡುತ್ತೆ, ಆದರೆ ಒಳಗೆ ಪದರಗಳು ಒಂದರಿಂದೊಂದು ಬಿಟ್ಟುಕೊಂಡಿರುತ್ತವೆ. ಹೊರಗೆ ಚುಕ್ಕೆ, ಹಿಂಬದಿಗೆ ಹೋದಂತೆ ಗಾಯ ಅಗಲ. ತಟ್ಟಿದರೆ ಗಟ್ಟಿ ಜಾಗ 'ಟಿಣ್' ಅನ್ನುತ್ತೆ, ಬಿಟ್ಟುಕೊಂಡ ಜಾಗ 'ಡಬ್' ಅನ್ನುತ್ತೆ. ದಪ್ಪ ಭಾಗಗಳಲ್ಲಿ ಆಳದ ಗಾಯಕ್ಕೆ ಕಿವಿ ಸಾಲದು, ಅಲ್ಟ್ರಾಸೌಂಡ್ ಬೇಕು.

ದೊಡ್ಡ ಉದಾಹರಣೆ ಬೇಕಾದರೆ ಮಿಸ್ಟರ್ ಬೀನ್ ಕಾರನ್ನೇ ನೋಡಿ. ಹಸಿರು ಮಿನಿ ಅಲ್ಲ, ನಟ ರೋವನ್ ಅಟ್ಕಿನ್ಸನ್ ಅವರ ಸ್ವಂತ ಮೆಕ್ಲಾರೆನ್ ಎಫ್1. ಕಾರ್ಬನ್ ಫೈಬರ್ ಮೊನೊಕಾಕ್ ಇರುವ ಆ ಮಾದರಿಯಲ್ಲಿ ತಯಾರಾದದ್ದು ಒಟ್ಟು 106 ಕಾರು. 2011ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್‌ನಲ್ಲಿ ಅದು ಮರಕ್ಕೆ ಗುದ್ದಿತು. ಎಂಜಿನ್ನೇ ಕಿತ್ತು ದೂರ ಬಿತ್ತು. ಭುಜಕ್ಕೆ ಏಟಾದರೂ ಅವರು ಬದುಕಿದರು. ರಿಪೇರಿಗೆ ವರ್ಷಕ್ಕೂ ಹೆಚ್ಚು ಹಿಡಿಯಿತು, ವಿಮೆ ಕಂಪನಿ ಕೊಟ್ಟದ್ದು ಸುಮಾರು 9,10,000 ಪೌಂಡ್. ಗುಜರಿಗೆ ಹಾಕದೆ ಯಾಕೆ ಅಷ್ಟು ಸುರಿದರು? 2015ರಲ್ಲಿ ಅದು ಸುಮಾರು 80 ಲಕ್ಷ ಪೌಂಡಿಗೆ ಮಾರಾಟವಾಯಿತು, ಅದೇ ಉತ್ತರ.

ಸರಿ, ಕಾರ್ಬನ್ ಪದರಕ್ಕೆ ತೇಪೆ ಹಾಕುವುದು ಹೇಗೆ? ಹಾಳಾದ ಜಾಗ ಕತ್ತರಿಸಿ, ಸುತ್ತ ಇಳಿಜಾರಾಗಿ ಉಜ್ಜಬೇಕು. 2 ಮಿ.ಮೀ. ದಪ್ಪದ ಪ್ಯಾನೆಲ್, 1:30 ಇಳಿಜಾರು ಅಂದುಕೊಳ್ಳಿ: ಎಲ್ಲ ಕಡೆ 60 ಮಿ.ಮೀ. ಉಜ್ಜಬೇಕು. ಅಂದರೆ 40 ಮಿ.ಮೀ. ತೂತಿಗೆ 160 ಮಿ.ಮೀ. ಅಗಲದ ತೇಪೆ! ವ್ಯರ್ಥ ಅನ್ನಿಸುತ್ತೆ, ಆದರೆ ಎಳೆಗಳು ಕಡಿದುಹೋದಲ್ಲಿ ಭಾರ ದಾಟಬೇಕಾದದ್ದು ಅಂಟಿನ ಮೂಲಕ. ಅಂಟಿಗೆ ಜಾಗ ಕಮ್ಮಿ ಕೊಟ್ಟರೆ ಅಂಚಲ್ಲೇ ಕಿತ್ತುಕೊಳ್ಳುತ್ತೆ. ಹೊಸ ಪದರಗಳ ಎಳೆಗಳು ಹಳೆಯವು ಇದ್ದ ದಿಕ್ಕಲ್ಲೇ ಇರಬೇಕು. 45 ಡಿಗ್ರಿ ಪದರದ ಜಾಗದಲ್ಲಿ 90 ಇಟ್ಟರೆ ನೋಡೋಕೆ ಚೆಂದ, ತಿರುಚುವ ಬಲಕ್ಕೆ ಸೊನ್ನೆ ಅಂತಲೇ ಹೇಳಬೇಕು. ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ಗಾಳಿ ಹೀರಿದರೆ ವಾತಾವರಣವೇ ಒತ್ತಿ ಹಿಡಿಯುತ್ತೆ, ಚದರ ಮೀಟರಿಗೆ ಹತ್ತಿರ ಹತ್ತಿರ 10 ಟನ್. ಆಮೇಲೆ ಬಿಸಿ. ಅದಕ್ಕೂ ಮೊದಲು ಪ್ಯಾನೆಲ್ ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ಒಳಗಿನ ತೇವ ಆವಿಯಾಗಿ ಪದರಗಳನ್ನು ಮತ್ತೆ ಬಿಡಿಸುತ್ತೆ. ಉಜ್ಜುವಾಗ ಮಾಸ್ಕ್ ಹಾಕಿ. ಆ ಧೂಳು ವಿದ್ಯುತ್ ವಾಹಕ ಕೂಡ, ಡ್ರಿಲ್ ಮೋಟಾರ್ ಸುಟ್ಟೀತು.

ಈ ವಿದ್ಯೆ ಕಲಿಯೋಕೆ ಇಂಗ್ಲೆಂಡಿಗೇ ಹೋಗಬೇಕಿಲ್ಲ. ಬೆಂಗಳೂರಲ್ಲಿ 2001ರ ಜನವರಿ 4ರಂದು ಮೊದಲ ಸಲ ಹಾರಿದ ತೇಜಸ್ ವಿಮಾನದ ರೆಕ್ಕೆಗಳೂ ಕಾರ್ಬನ್ ಫೈಬರಿನವೇ. ಎನ್‌ಎಎಲ್ ಈ ಕೆಲಸದಲ್ಲಿ ದಶಕಗಳಿಂದ ಇದೆ.

ವಾಪಸ್ ಬಂದವರೇ ನಮ್ಮ ಮೂಗಿನ ಮೇಲೆ ನಾಣ್ಯ ಇಟ್ಟು ತಟ್ಟಿದ್ವಿ. 'ಡಬ್' ಅಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಅಂಗೈಗಿಂತ ದೊಡ್ಡದಾಯ್ತು! ತೇಪೆ ಹಾಕಲಿಲ್ಲ. ಬಾನೆಟ್ ಆಗಿದ್ದರೆ ಹಾಕುತ್ತಿದ್ವಿ. ಆದರೆ ಮೂಗಿನ ಕೆಲಸ ಗುದ್ದು ತಿಂದು ಲೆಕ್ಕಾಚಾರದಂತೆ ಪುಡಿಯಾಗುವುದು. ತೇಪೆ ಹಾಕಿದ್ದು ಹೇಗೆ ಪುಡಿಯಾಗುತ್ತೋ ಹೇಳುವವರಿಲ್ಲ. ಹೊಸದು ಅಚ್ಚಿನಲ್ಲಿದೆ. ಹಳೆಯದು ಲ್ಯಾಬಿನ ಮೂಲೆಯಲ್ಲಿದೆ, ನಾಣ್ಯ ತಂದು ನೀವೂ ತಟ್ಟಿ ನೋಡಿ.