ಮಳೆಗೆ ಕೈ ಎಲ್ಲಿದೆ? – ಸ್ವಲೀನತೆಯುಳ್ಳ ಮಗುವಿನ ಹಾಸ್ಯಪ್ರಜ್ಞೆ ಮತ್ತು ನಮ್ಮ ತರಗತಿ

ನವಲಗುಂದ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಐದನೆಯ ತರಗತಿ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಪರಿಸರ ಅಧ್ಯಯನದಲ್ಲಿ ಬೇಸಾಯದ ಪಾಠ ಮಾಡುತ್ತಿದ್ದರು. ಮಕ್ಕಳಿಗೆ ಹತ್ತಿರವಾಗಲೆಂದು ಊರ ಮಾತಿನಲ್ಲಿಯೇ, ‘ಈ ವರ್ಷ ಮಳಿ ಕೈಕೊಡ್ತು, ಹೆಸರು ಬೆಳಿ ಹೋತು’ ಎಂದರು. ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತು, ‘ಅಕ್ಕೋರ, ಮಳಿಗೆ ಕೈ ಎಲ್ಲಿರ್ತಾವ್ರಿ?’ ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ಅವನು ನಗಲಿಲ್ಲ. ಉತ್ತರಕ್ಕಾಗಿ ಕಾಯುತ್ತ ನಿಂತೇ ಇದ್ದ.

ಮರುದಿನ ಬಾಗಿಲ ಹೊರಗೆ ನಿಂತಿದ್ದ ವಿದ್ಯಾರ್ಥಿಯನ್ನು ತೋರಿಸಿ, ‘ಅವನ್ನ ಕರಿ’ ಎಂದರು ಪ್ರಶಿಕ್ಷಣಾರ್ಥಿ. ಅದೇ ಹುಡುಗ, ‘ಎಣ್ಣ್ಯಾಗ ಕರೀಲೇನ್ರಿ ಅಕ್ಕೋರ?’ ಎಂದ. ಈ ಸಲ ಮೊದಲು ನಕ್ಕವನು ಅವನೇ. ಅದೇ ಮಾತನ್ನು ಮತ್ತೆರಡು ಸಲ ಹೇಳಿ ಹೇಳಿ ನಕ್ಕ. ಎದುರುತ್ತರ ಕೊಟ್ಟನೆಂದು ಅವನನ್ನು ಹೊರಗೆ ನಿಲ್ಲಿಸಲಾಯಿತು. ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಅವಲೋಕಿಸುತ್ತಿದ್ದ ನಾನು ‘ತರಗತಿ ನಿರ್ವಹಣೆ ಉತ್ತಮ’ ಎಂದು ಬರೆದೆ. ಆ ಹುಡುಗನಿಗೆ ಸ್ವಲೀನತೆ ಇದೆಯೆಂದು ಮುಖ್ಯೋಪಾಧ್ಯಾಯರಿಂದ ತಿಳಿದದ್ದು ಸಂಜೆ, ಸಹಿ ಮಾಡಿಸಿಕೊಳ್ಳುವಾಗ. ಮುಂದಿನ ಮೂರು ದಿನ ಅವನು ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಪ್ರಶಿಕ್ಷಣಾರ್ಥಿಯ ದಿನಚರಿಯಲ್ಲಿ ಎರಡೂ ಪ್ರಸಂಗಗಳು ‘ಪಾಠಕ್ಕೆ ಅಡ್ಡಿ’ ಎಂದೇ ದಾಖಲಾಗಿದ್ದವು. ಆದರೆ ಮೊದಲನೆಯದು ಪ್ರಶ್ನೆ, ಎರಡನೆಯದು ಹಾಸ್ಯ. ಈ ವ್ಯತ್ಯಾಸ ನಮ್ಮಿಬ್ಬರಿಗೂ ಕಾಣಲಿಲ್ಲ. ಅದು ಕಾಣುವಂತಾಗಬೇಕಾದರೆ ಏನು ಬೇಕು ಎಂಬುದೇ ಈ ಲೇಖನದ ವಿಷಯ.

‘ಹಾಸ್ಯ ತಿಳಿಯದವರು’ ಎಂಬ ಭಾವನೆ

ಸ್ವಲೀನತೆ ಅಥವಾ ಆಟಿಸಂ ಕುರಿತ ಆರಂಭದ ವಿವರವಾದ ಬರಹಗಳಲ್ಲಿ ಕೆಲವು ಅಮೆರಿಕದಲ್ಲಿ ಲಿಯೋ ಕ್ಯಾನರ್ ಅವರಿಂದ 1943ರಲ್ಲಿ, ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಅವರಿಂದ 1944ರಲ್ಲಿ ಬಂದವು. ಇಂಥ ಮಕ್ಕಳಿಗೆ ಹಾಸ್ಯ ಅರ್ಥವಾಗುವುದಿಲ್ಲ, ಅದರಲ್ಲೂ ತಮ್ಮನ್ನೇ ಕುರಿತ ಹಾಸ್ಯ ತಿಳಿಯುವುದಿಲ್ಲ ಎಂದು ಆಸ್ಪರ್ಗರ್ ಬರೆದರು. ಆ ಮಾತು ಬಹುಕಾಲ ಪಠ್ಯಗಳಲ್ಲಿ ಉಳಿಯಿತು. ಆದರೆ ಅದೇ ಬರಹದಲ್ಲಿ, ಈ ಮಕ್ಕಳಲ್ಲಿ ಕೆಲವರು ಪದಗಳ ಜೊತೆ ಆಡುತ್ತಾರೆ, ಚುರುಕಾದ ಚಮತ್ಕಾರದ ಮಾತುಗಳನ್ನೂ ಆಡುತ್ತಾರೆ ಎಂದು ಅವರು ಗುರುತಿಸಿದ್ದರು. ಆ ಭಾಗ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿಯಲಿಲ್ಲ.

2002ರಲ್ಲಿ ವಾಸುದೇವಿ ರೆಡ್ಡಿ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ಸ್ವಲೀನತೆಯುಳ್ಳ ಮಕ್ಕಳನ್ನೂ ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನೂ ಹೋಲಿಸಿ ನೋಡಿದರು. ನಗುವ ಪ್ರಮಾಣದಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಯಾವುದಕ್ಕೆ ನಗುತ್ತಾರೆ ಎಂಬುದರಲ್ಲಿ ಅಂತರವಿತ್ತು. ಸ್ವಲೀನತೆಯುಳ್ಳ ಮಕ್ಕಳು ಬೇರೆಯವರು ಮಾಡುವ ಕೋಡಂಗಿ ಮುಖಕ್ಕೆ ನಗುವುದು ಅಪರೂಪ. ನೋಡುವವರಿಗೆ ಕಾರಣ ಹೊಳೆಯದ, ವಿಚಿತ್ರವೆನಿಸುವ ಸಂದರ್ಭಗಳಲ್ಲಿ ನಗುವುದು ಹೆಚ್ಚು. ಇತರರು ನಕ್ಕಾಗ ಅವರ ಜೊತೆ ಸೇರಿ ನಗುವುದೂ ಅಪರೂಪವಾಗಿತ್ತು. ಎಂದರೆ, ಕೊರತೆ ಇದ್ದದ್ದು ನಗೆಯಲ್ಲಲ್ಲ, ನಗೆಯನ್ನು ಹಂಚಿಕೊಳ್ಳುವಲ್ಲಿ.

ಹಂಚಿಕೊಳ್ಳಲು ಇಬ್ಬರು ಬೇಕು. ತಾವೇ ಸ್ವಲೀನತೆಯುಳ್ಳ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನೇ ಎತ್ತಿ ತೋರಿಸಿದರು. ಅವರಿಗೆ ನಾವು ಅರ್ಥವಾಗದಿರುವುದು ಎಷ್ಟು ನಿಜವೋ, ನಮಗೆ ಅವರು ಅರ್ಥವಾಗದಿರುವುದೂ ಅಷ್ಟೇ ನಿಜ. ಆ ದಿನ ‘ಎಣ್ಣ್ಯಾಗ ಕರೀಲೇನ್ರಿ’ ಎಂಬ ಹಾಸ್ಯ ತಿಳಿಯದೆ ಹೋದದ್ದು ಹುಡುಗನಿಗಲ್ಲ, ನಮಗೆ.

ಅವರ ನಗೆ ಎಲ್ಲಿಂದ ಹುಟ್ಟುತ್ತದೆ?

ಎಲ್ಲರಲ್ಲೂ ಒಂದೇ ಬಗೆಯಲ್ಲವಾದರೂ ಕೆಲವು ದಾರಿಗಳನ್ನು ಗುರುತಿಸಬಹುದು.

1. ಪದಗಳ ಆಟ: ಗ್ರಂಥಭಾಷೆಯಲ್ಲಿ ‘ಕರೆ’ ಬೇರೆ, ‘ಕರಿ’ ಬೇರೆ. ನಮ್ಮ ಕಡೆಯ ಆಡುಮಾತಿನಲ್ಲಿ ಎರಡೂ ‘ಕರಿ’. ಆ ಶ್ಲೇಷೆ ಪಠ್ಯಪುಸ್ತಕದಲ್ಲಿ ಸಿಗುವಂಥದ್ದಲ್ಲ. ಊರ ಮಾತನ್ನು ಕಿವಿಗೊಟ್ಟು ಕೇಳಿದವನಿಗೆ ಮಾತ್ರ ಹೊಳೆಯುವಂಥದ್ದು. ಬೆಣ್ಣಿಹಳ್ಳದಾಗ ಬೆಣ್ಣಿ ಇಲ್ಲ, ತುಪ್ಪರಿಹಳ್ಳದಾಗ ತುಪ್ಪ ಇಲ್ಲ ಎಂದು ಒಂದು ಮಗು ದಿನವಿಡೀ ನಗಬಹುದು. ಅಕ್ಷರ, ಅಂಕಿಗಳ ಜೊತೆ ಆಡುತ್ತಲೇ ಬಾಳಿದ ಬೇಂದ್ರೆಯವರ ಜಿಲ್ಲೆಯಲ್ಲಿ ಇದು ತಪ್ಪಾಗಿ ಕಾಣಬೇಕಿಲ್ಲ.

2. ತಪ್ಪಿದ ಕ್ರಮ: ಬಸ್ಸಿನ ನಿಲ್ದಾಣಗಳೆಲ್ಲ ಬಾಯಿಪಾಠವಾಗಿರುವ ಮಗುವಿಗೆ, ‘ಹುಬ್ಬಳ್ಳಿ ಬಸ್ಸು ಗದಗ ದಾಟಿ ಅಣ್ಣಿಗೇರಿಗೆ ಬಂತು’ ಎಂದು ಹೇಳಿ ನೋಡಿ. ಉಳಿದವರು ಸುಮ್ಮನಿರುವಾಗ ಅದು ಬಿದ್ದು ಬಿದ್ದು ನಗಬಹುದು. ನಿಯಮವನ್ನು ಗಟ್ಟಿಯಾಗಿ ಹಿಡಿದವರಿಗೆ ನಿಯಮ ತಲೆಕೆಳಗಾದಾಗ ನಗೆ ಬರುತ್ತದೆ. ಕುಂದಗೋಳಕ್ಕೆ ಸಮೀಪದ ಶಿಶುನಾಳದ ಶರೀಫರ ತತ್ವಪದಗಳಲ್ಲೂ ಲೋಕದ ಕ್ರಮ ತಲೆಕೆಳಗಾಗುತ್ತದೆ. ದೊಡ್ಡವರು ಅದರ ಒಳ ಅರ್ಥ ಹುಡುಕುವ ಮೊದಲೇ ಮಕ್ಕಳು ನಕ್ಕಿರುತ್ತಾರೆ.

3. ಪುನರಾವರ್ತನೆ: ನಮಗೆ ಎರಡನೆಯ ಸಲಕ್ಕೆ ಹಳತಾಗುವ ಹಾಸ್ಯ ಅವರಿಗೆ ಹತ್ತನೆಯ ಸಲವೂ ಹೊಸದು. ಟಿ.ವಿ.ಯಲ್ಲಿ ಕೇಳಿದ ಒಂದು ಮಾತನ್ನು ಪಾಠದ ನಡುವೆ ತಂದು ನಕ್ಕರೆ, ಆ ಮಾತಿಗೂ ಈ ಸಂದರ್ಭಕ್ಕೂ ಅವರ ಮನಸ್ಸಿನಲ್ಲಿ ಏನೋ ನಂಟಿರುತ್ತದೆ. ಅದನ್ನು ಹುಡುಕಬೇಕು.

4. ಮಾತಿಲ್ಲದ ಹಾಸ್ಯ: ಮಾತನಾಡದ ಮಕ್ಕಳೂ ಹಾಸ್ಯ ಮಾಡುತ್ತಾರೆ. ನಿಮ್ಮ ಡಸ್ಟರನ್ನು ಬಚ್ಚಿಟ್ಟು ನಿಮ್ಮನ್ನೇ ನೋಡುವ ಮಗು ನಿಮ್ಮೊಡನೆ ಆಡುತ್ತಿದೆ.

ಒಂದು ಎಚ್ಚರಿಕೆ. ಎಲ್ಲ ನಗೆಯೂ ಹಾಸ್ಯವಲ್ಲ. ಗದ್ದಲ, ಗಾಬರಿ, ದಣಿವಿನಿಂದಲೂ ನಗು ಬರುತ್ತದೆ. ಯಾರೋ ಬಿದ್ದು ಅತ್ತಾಗ ಮಗು ನಕ್ಕರೆ ಅದನ್ನು ಕ್ರೌರ್ಯವೆಂದು ತೀರ್ಮಾನಿಸಬಾರದು.

ನಗೆ ನೋಯಿಸುವುದೆಲ್ಲಿ?

ಕಷ್ಟವಾಗುವುದು ವ್ಯಂಗ್ಯದಲ್ಲಿ. ಉತ್ತರ ತಪ್ಪಿದಾಗ ನಾವು ‘ಭಾಳ ಶಾಣ್ಯಾ ಇದ್ದೀ ಬಿಡಪಾ’ ಎನ್ನುತ್ತೇವೆ. ಮಾತು ಹೊಗಳಿಕೆ, ದನಿ ತೆಗಳಿಕೆ. ಮಾತನ್ನಷ್ಟೇ ಹಿಡಿದ ಮಗು ಹಿಗ್ಗುತ್ತದೆ, ತರಗತಿ ನಗುತ್ತದೆ. ಇಂಥದ್ದು ನಾಲ್ಕು ಸಲ ಆದ ಮೇಲೆ, ಯಾವ ನಗೆ ಕೇಳಿದರೂ ‘ನನ್ನನ್ನು ಕಂಡೇ ನಗುತ್ತಿದ್ದಾರೆ’ ಎಂಬ ಅಂಜಿಕೆ ಬೇರೂರುತ್ತದೆ.

ಇದು ಊಹೆಯಲ್ಲ. ಆಂಡ್ರಿಯಾ ಸ್ಯಾಮ್ಸನ್ ಮತ್ತು ಸಂಗಡಿಗರ 2011ರ ಅಧ್ಯಯನದಲ್ಲಿ ಆಸ್ಪರ್ಗರ್ ಲಕ್ಷಣವುಳ್ಳವರಲ್ಲಿ ಶೇ. 45ರಷ್ಟು ಜನರಿಗೆ, ಇತರರಲ್ಲಿ ಶೇ. 6ರಷ್ಟು ಜನರಿಗೆ, ತಮ್ಮನ್ನು ನೋಡಿ ನಗುತ್ತಾರೆಂಬ ಭಯ ಕಂಡುಬಂತು. ನಮ್ಮ ತರಗತಿಯಲ್ಲಿ ಆ ಹುಡುಗನ ಪ್ರಶ್ನೆಗೆ ಎದ್ದ ನಗೆಯನ್ನು ನಾವು ತಡೆಯಲಿಲ್ಲ. ಅವನ ಸ್ವಂತ ನಗೆಯನ್ನು ತಡೆದೆವು. ಎರಡೂ ಕಡೆ ಮಾಡಬೇಕಾದದ್ದಕ್ಕೆ ವಿರುದ್ಧವಾಗಿ ನಡೆದುಕೊಂಡೆವು.

ಪಾಠಯೋಜನೆಯಲ್ಲಿ ಏನು ಮಾಡಬಹುದು?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸ್ವಲೀನತೆಯೂ ಒಂದು. ಈ ಮಕ್ಕಳು ನಮ್ಮ ಸಾಮಾನ್ಯ ತರಗತಿಗಳಲ್ಲಿ ಕಲಿಯುವುದು ಅವರ ಹಕ್ಕು. ಆದ್ದರಿಂದ ಬೋಧನಾಭ್ಯಾಸಕ್ಕೆ ಹೋಗುವ ಮೊದಲ ದಿನವೇ ತರಗತಿ ಶಿಕ್ಷಕರನ್ನೂ, ತಾಲ್ಲೂಕಿನ ಬಿ.ಐ.ಇ.ಆರ್.ಟಿ.ಯವರನ್ನೂ ಕೇಳಿ ಮಕ್ಕಳ ವಿವರ ತಿಳಿದುಕೊಳ್ಳಬೇಕು. ಆಮೇಲೆ:

• ಪಾಠದಲ್ಲಿ ಬಳಸುವ ನುಡಿಗಟ್ಟುಗಳನ್ನು ಮೊದಲೇ ಗುರುತಿಸಿ, ಅರ್ಥವನ್ನೂ ಜೊತೆಗೇ ಹೇಳಿ. ‘ಮಳಿ ಕೈಕೊಡ್ತು, ಅಂದ್ರ ಬರಬೇಕಾದಾಗ ಬರಲಿಲ್ಲ.’ ಇದರಿಂದ ಉಳಿದ ಮಕ್ಕಳಿಗೂ ಲಾಭ.

• ಅಕ್ಷರಶಃ ಅರ್ಥದ ಪ್ರಶ್ನೆ ಬಂದಾಗ ತರಗತಿ ನಗುವ ಮೊದಲೇ, ‘ಛಲೋ ಪ್ರಶ್ನೆ. ಮಳಿಗೆ ಕೈ ಇಲ್ಲ. ಹಂಗಾದ್ರ ಹಂಗ್ಯಾಕ ಅಂತೀವಿ?’ ಎಂದು ಎಲ್ಲರಿಗೂ ಒಡ್ಡಿ.

• ಪ್ರಶ್ನೆಯೋ ಹಾಸ್ಯವೋ ತಿಳಿಯದಿದ್ದರೆ ಮೆಲ್ಲಗೆ, ‘ಇದು ಚ್ಯಾಷ್ಟಿಗೆ ಅಂದ್ಯೋ, ಖರೇನ ಕೇಳಿದ್ಯೋ?’ ಎಂದು ವಿಚಾರಿಸಿ. ಶಿಕ್ಷೆಗೆ ಮುಂಚೆ ಈ ಒಂದು ಪ್ರಶ್ನೆ ಕಡ್ಡಾಯವಾಗಿರಲಿ.

• ಹಾಸ್ಯವಾಗಿದ್ದರೆ ನಕ್ಕು, ಅದಕ್ಕೊಂದು ಸಮಯ ಗೊತ್ತುಮಾಡಿ. ‘ಇನ್ನೊಮ್ಮೆ ಹೇಳು, ಉಳಿದದ್ದು ಪಾಠ ಮುಗಿದ ಮ್ಯಾಲೆ.’

• ಮಗುವನ್ನು ಗುರಿಯಾಗಿಸಿ ವ್ಯಂಗ್ಯ ಬೇಡವೇ ಬೇಡ.

ನಾಲ್ಕನೆಯ ದಿನ ಆ ಪ್ರಶಿಕ್ಷಣಾರ್ಥಿ ನಾನಾರ್ಥ ಪದಗಳ ಪಾಠವನ್ನು ‘ಕರಿ’ಯಿಂದ ಆರಂಭಿಸಿದರು. ಕಪ್ಪು, ಆನೆ, ಎಣ್ಣೆಯಲ್ಲಿ ಕರಿ, ನಮ್ಮ ಮಾತಿನಲ್ಲಿ ‘ಕೂಗಿ ಕರಿ’ ಎಂದು ಹಲಗೆಯ ಮೇಲೆ ಪಟ್ಟಿ ಬೆಳೆಯಿತು. ಮಕ್ಕಳ ಕೈಗಳು ಇಳಿದ ಮೇಲೆ ಮೂರನೆಯ ಸಾಲಿನಿಂದ ದನಿ ಬಂತು: ‘ಅಕ್ಕೋರ, ಕಾರ ಹುಣ್ಣಿವಿಗೆ ಎತ್ತು ಕರಿ ಹರೀತಾವ್ರಿ. ಅದನ್ನ ಎಣ್ಣ್ಯಾಗ ಹಾಕಬಾರದ್ರಿ.’ ಈ ಸಲ ತರಗತಿ ಅವನ ಜೊತೆ ನಕ್ಕಿತು.

ಚರ್ಚೆಗೆ

1. ನಿಮ್ಮ ಕಳೆದ ವಾರದ ಪಾಠಯೋಜನೆಯಲ್ಲಿ ಅಕ್ಷರಶಃ ತೆಗೆದುಕೊಂಡರೆ ಅರ್ಥ ಕೆಡುವ ಮಾತುಗಳೆಷ್ಟು? ಪಟ್ಟಿ ಮಾಡಿ.

2. ನೀವು ‘ಎದುರುತ್ತರ’ ಎಂದು ದಾಖಲಿಸಿದ ಒಂದು ಪ್ರಸಂಗವನ್ನು ನೆನೆದು, ಅದು ಪ್ರಶ್ನೆಯೋ, ಹಾಸ್ಯವೋ, ಉದ್ಧಟತನವೋ ಎಂದು ಕಾರಣಸಹಿತ ಬರೆಯಿರಿ.

3. ತರಗತಿ ಒಂದು ಮಗುವನ್ನು ನೋಡಿ ನಗುವುದಕ್ಕೂ, ಅದರ ಜೊತೆ ನಗುವುದಕ್ಕೂ ಇರುವ ವ್ಯತ್ಯಾಸವನ್ನು ಅವಲೋಕಕರು ಹೇಗೆ ದಾಖಲಿಸಬೇಕು?

ಮೂರನೆಯ ಪ್ರಶ್ನೆ ನನ್ನಂಥ ಮೇಲ್ವಿಚಾರಕರಿಗೆ. ನನ್ನ ಅವಲೋಕನ ಪುಸ್ತಕದಲ್ಲಿ ‘ತರಗತಿ ನಿರ್ವಹಣೆ ಉತ್ತಮ’ ಎಂಬ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ವಿದ್ಯಾರ್ಥಿಯ ಹಾಸ್ಯ ಇಬ್ಬರಿಗೂ ತಿಳಿಯಲಿಲ್ಲ’ ಎಂದು ಬರೆದು ಸಹಿ ಮಾಡಿದ್ದೇನೆ.