ಗುಣವಾಗದ ಕಾಯಿಲೆಗೆ ನಂಬಿಕೆಯ ಕೊರತೆ ಕಾರಣವೇ?

ಪ್ರಶ್ನೆ: ನನಗೆ 46 ವರ್ಷ. ನಾವು ಸಿಎಸ್‌ಐ ಸಭೆಯವರು. ನಮ್ಮ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಪ್ರಾರ್ಥನಾ ಕೂಟದಲ್ಲಿ ಕೆಲವರು, ‘ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದಿದ್ದರೂ ಇಷ್ಟು ಹೊತ್ತಿಗೆ ಗುಣವಾಗುತ್ತಿತ್ತು, ನಿಮ್ಮಲ್ಲೇ ಏನೋ ಕೊರತೆಯಿದೆ’ ಅನ್ನುತ್ತಾರೆ. ಒಬ್ಬರು ಡಯಾಲಿಸಿಸ್ ಬಿಟ್ಟು ದೇವರನ್ನೇ ನಂಬಿ ಅಂದರು. ಈಗೀಗ ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ. ದೇವರು ಕೇಳಿಸಿಕೊಳ್ಳುತ್ತಾನೋ ಇಲ್ಲವೋ ಅನ್ನಿಸುತ್ತದೆ. ನನ್ನ ಅನುಮಾನದಿಂದಲೇ ಅವರಿಗೆ ಗುಣವಾಗುತ್ತಿಲ್ಲವೇ?
– ಹೆಸರು ಬೇಡ, ಗದಗ

ಉತ್ತರ: ಸಹೋದರಿ, ಖಂಡಿತ ಇಲ್ಲ. ನಿಮ್ಮ ಯಜಮಾನರ ಕಾಯಿಲೆಗೆ ನೀವು ಕಾರಣರಲ್ಲ.

ಮೊದಲು ತುರ್ತಿನ ಮಾತು. ಡಯಾಲಿಸಿಸ್‌ನ ಒಂದು ಸರದಿಯನ್ನೂ ತಪ್ಪಿಸಬೇಡಿ. ಕಿಡ್ನಿ ಹೊರಹಾಕಬೇಕಾದ ನೀರು, ಪೊಟ್ಯಾಸಿಯಂ ಮೈಯಲ್ಲೇ ಉಳಿದರೆ ಉಸಿರಾಟಕ್ಕೂ ಹೃದಯಕ್ಕೂ ಕುತ್ತು. ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯವಾಗಬಹುದು. ಚಿಕಿತ್ಸೆ ಪಡೆದರೆ ನಂಬಿಕೆಗೆ ಕುಂದಿಲ್ಲ. ಅಪೊಸ್ತಲ ಪೌಲನ ಜೊತೆಗಿದ್ದ ಲೂಕನೇ ವೈದ್ಯ. ಮೇಲಿಂದ ಮೇಲೆ ಕಾಯಿಲೆ ಬೀಳುತ್ತಿದ್ದ ತಿಮೊಥೆಗೆ ಪೌಲ ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಲು ಬರೆದ. ನಿನ್ನ ನಂಬಿಕೆ ಸಾಲದು ಎಂದು ಗದರಿಸಲಿಲ್ಲ.

ಇನ್ನು ಆ ಸಾಸಿವೆ ಕಾಳಿನ ಮಾತು. ಮತ್ತಾಯನ ಸುವಾರ್ತೆಯ 17ನೇ ಅಧ್ಯಾಯವನ್ನು ನೀವೇ ತೆರೆದು ಓದಿ. ಒಬ್ಬ ತಂದೆ ಕಾಯಿಲೆಯ ಮಗನನ್ನು ಶಿಷ್ಯರ ಬಳಿಗೆ ಕರೆತರುತ್ತಾನೆ, ಗುಣಪಡಿಸಲು ಅವರಿಂದಾಗುವುದಿಲ್ಲ. ನಂಬಿಕೆ ಸಾಲದೆಂಬ ಮಾತನ್ನು ಯೇಸು ಹೇಳಿದ್ದು ಆ ಶಿಷ್ಯರಿಗೆ. ಕಾಯಿಲೆಯ ಹುಡುಗನಿಗಾಗಲಿ, ನೊಂದ ತಂದೆಗಾಗಲಿ ಹೇಳಿದ್ದಲ್ಲ. ಇದೇ ಪ್ರಸಂಗ ಮಾರ್ಕನ 9ನೇ ಅಧ್ಯಾಯದಲ್ಲೂ ಇದೆ. ಅಲ್ಲಿ ಆ ತಂದೆ ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡು ಸಹಾಯ ಬೇಡುತ್ತಾನೆ. ಯೇಸು ಅವನನ್ನು ಹೊರಗೆ ಕಳಿಸಲಿಲ್ಲ, ಅನುಮಾನ ತೀರಿಸಿಕೊಂಡು ಬಾ ಎನ್ನಲಿಲ್ಲ, ಮಗನನ್ನು ಗುಣಪಡಿಸಿದ. ನಿಮ್ಮ ಈಗಿನ ಪ್ರಾರ್ಥನೆಯೂ ಆ ತಂದೆಯದರಂತೆಯೇ ಇದೆ.

ನಂಬಿದವರೆಲ್ಲರಿಗೂ ಗುಣವಾಯಿತು ಎಂದು ಬೈಬಲ್ ಎಲ್ಲೂ ಹೇಳುವುದಿಲ್ಲ. ತನ್ನ ದೇಹದಲ್ಲಿ ನಾಟಿದ್ದ ಮುಳ್ಳು ಹೋಗಲೆಂದು ಪೌಲ ಮೂರು ಸಲ ಬೇಡಿದ; ಅದು ಹೋಗಲಿಲ್ಲ, ಸಹಿಸುವ ಕೃಪೆ ಸಿಕ್ಕಿತು. ತನ್ನ ಸಂಗಡಿಗ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬರಬೇಕಾಯಿತು. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದಲ್ಲಿ ನಂಬಿಕೆಯವರ ಸಾಲೇ ಇದೆ. ಕತ್ತಿಯಿಂದ ಪಾರಾದವರೂ ಅಲ್ಲಿದ್ದಾರೆ, ಕತ್ತಿಗೆ ಬಲಿಯಾದವರೂ ಇದ್ದಾರೆ. ಪಾರಾದವರ ನಂಬಿಕೆ ಹೆಚ್ಚು, ಸತ್ತವರದು ಕಡಿಮೆ ಎಂಬ ಲೆಕ್ಕ ಅಲ್ಲಿಲ್ಲ. ಗೆತ್ಸೇಮನೆಯಲ್ಲಿ ಯೇಸುವೇ ಆ ಕಷ್ಟದ ಪಾತ್ರೆ ತನ್ನಿಂದ ದೂರವಾಗಲೆಂದು ಬೇಡಿ, ಕೊನೆಗೆ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಂಡ.

ಹಾಗಾದರೆ ನಂಬಿಕೆ ಎಂದರೇನು? ಬೇಡಿದ್ದನ್ನು ದೇವರಿಂದ ಪಡೆಯಲು ನಾವು ತೆರುವ ಬೆಲೆ ಅದಲ್ಲ. ಫಲ ಏನಾದರೂ ಆತನ ಕೈ ಬಿಡದಿರುವುದು ನಂಬಿಕೆ. ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿಯದೆ ಅಬ್ರಹಾಮ ಹೊರಟ. ಕರೆದವನ ಮೇಲೆ ಅವನಿಗೆ ಭರವಸೆಯಿತ್ತು. ಅಳು, ಸಿಟ್ಟು, ಪ್ರಶ್ನೆ ಎಲ್ಲವನ್ನೂ ದೇವರ ಮುಂದೆಯೇ ಇಡುವವರು ಆತನನ್ನು ಬಿಟ್ಟವರಲ್ಲ. ಕೀರ್ತನೆಗಳಲ್ಲಿ ಎಷ್ಟೋ ಇಂಥ ಗೋಳಿನ ಮೊರೆಗಳೇ.

ಈಗ ಏನು ಮಾಡಬೇಕು? ಮಾತು ಹೊರಡದಿದ್ದರೆ ಬಲವಂತ ಬೇಡ. ಒಂದು ಕೀರ್ತನೆ ಓದಿ, ಇಲ್ಲವೆ ಸುಮ್ಮನೆ ಕುಳಿತುಕೊಳ್ಳಿ. ಚಿಕಿತ್ಸೆ ಬಿಡಿ ಎಂದವರ ವಿಷಯವನ್ನು ನಿಮ್ಮ ಸಭಾಪಾಲಕರಿಗೆ ಈ ವಾರವೇ ತಿಳಿಸಿ. ಇನ್ನೊಂದು ಮನೆಯಲ್ಲಿ ಈ ಮಾತು ಪ್ರಾಣ ತೆಗೆಯಬಹುದು. ನಿದ್ದೆ, ಊಟ ತಪ್ಪಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ನಿಮ್ಮ ಬಗ್ಗೆಯೂ ಡಾಕ್ಟರ ಬಳಿ ಹೇಳಿಕೊಳ್ಳಿ. ವರ್ಷಗಟ್ಟಲೆ ಆರೈಕೆ ಮಾಡುವವರು ಕುಗ್ಗುವುದು ಸಹಜ.

ಪ್ರಾರ್ಥನಾ ಕೂಟದವರಿಗೆ ಮಾರ್ಕನ 2ನೇ ಅಧ್ಯಾಯ ತೋರಿಸಿ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಚಾವಣಿ ತೆಗೆದು ಕೆಳಗಿಳಿಸಿದರು. ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು ಕೂಡ. ಹಾಸಿಗೆ ಹಿಡಿದವನನ್ನು ಅಲ್ಲಿ ಯಾರೂ ಪರೀಕ್ಷೆಗೆ ಒಡ್ಡಲಿಲ್ಲ. ಆದ್ದರಿಂದ ಸಂಕೋಚಪಡದೆ ಕೇಳಿ: ಒಬ್ಬರು ಡಯಾಲಿಸಿಸ್‌ಗೆ ಜೊತೆ ಬರಲಿ, ಇನ್ನೊಬ್ಬರು ಆ ದಿನದ ಅಡುಗೆ ನೋಡಿಕೊಳ್ಳಲಿ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬನ ಪತ್ರಿಕೆ ಎಚ್ಚರಿಸುವುದು ಇದನ್ನೇ.

ರೋಗಿಯ ಮನೆಯವರ ನಂಬಿಕೆಯನ್ನು ಅಳೆಯುವ ಅಧಿಕಾರ ಯಾರಿಗೂ ಇಲ್ಲ. ಆ ಅಪರಾಧಿ ಭಾವವನ್ನು ಇಂದೇ ಕೆಳಗಿಳಿಸಿ, ಡಯಾಲಿಸಿಸ್ ಮುಂದುವರಿಸಿ.